ಮರ, ಚಿನ್ನ, ತಂತಿ: ಘಟ್ಟದ ಮೇಲಿನ ಕಸುಬುಗಳಿಗೆ ಸರ್ಕಾರದ ಚೀಟಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಮನೆಗೆ ಕರೆಂಟಿನ ವಯರಿಂಗ್ ಮಾಡುವವನ ಹತ್ತಿರ ಪರ್ಮಿಟ್ ಇರಬೇಕು. ಶ್ರೀಗಂಧ ಕೆತ್ತುವವನ ಹತ್ತಿರ ಆ ಗಂಧ ಎಲ್ಲಿಂದ ಬಂತು ಎಂಬುದಕ್ಕೆ ಕಾಗದ ಇರಬೇಕು. ದಿಮ್ಮಿ ಸೀಳುವ ಸಾಮಿಲ್ಲಿಗೆ ಅರಣ್ಯ ಇಲಾಖೆಯ ಲೈಸೆನ್ಸ್ ಬೇಕು. ಐವತ್ತು ಅಡಿ ಎತ್ತರದ ಅಡಿಕೆ ಮರ ಹತ್ತಿ, ತುದಿಯಲ್ಲೇ ಮರವನ್ನು ತೂಗಿಸಿ ಪಕ್ಕದ ಮರಕ್ಕೆ ದಾಟುವ ಕೊನೆಗೌಡನ ಹತ್ತಿರ ಮಾತ್ರ ಯಾವ ಕಾಗದವೂ ಇಲ್ಲ. ಅದನ್ನು ಕೇಳುವವರೂ ಇಲ್ಲ. ಈ ಮೂರು ತಾಲೂಕುಗಳ ಆರ್ಥಿಕತೆ ನಿಂತಿರುವುದು ಅಡಿಕೆಯ ಮೇಲೆ, ಅತಿ ಹೆಚ್ಚು ಅಪಾಯ ಇರುವ ಕಸುಬೂ ಅದರದ್ದೇ. ಹಾಗಿದ್ದೂ ಸರ್ಕಾರದ ಕಣ್ಣು ಅಲ್ಲಿಗೆ ಹೋಗಲಿಲ್ಲ ಏಕೆ ಎಂದು ತಿಳಿಯಬೇಕಾದರೆ ನೂರೈವತ್ತು ವರ್ಷಗಳಲ್ಲಿ ಅದು ಬೇರೆ ಎಲ್ಲೆಲ್ಲಿಗೆ ಹೋಯಿತು ಎಂದು ನೋಡಬೇಕು.

ಸಂವಿಧಾನದ 19ನೇ ವಿಧಿ ಪ್ರತಿ ಪ್ರಜೆಗೂ ತನ್ನ ಕಸುಬು ನಡೆಸುವ ಹಕ್ಕು ಕೊಟ್ಟಿದೆ. ಅದೇ ವಿಧಿಯ 6ನೇ ಉಪವಿಧಿ, ಒಂದು ಕಸುಬಿಗೆ ಇಂಥ ತಾಂತ್ರಿಕ ಅರ್ಹತೆ ಬೇಕು ಎಂದು ವಿಧಿಸುವ ಅಧಿಕಾರವನ್ನು ಸರ್ಕಾರಕ್ಕೂ ಕೊಟ್ಟಿದೆ. ವೈದ್ಯರು, ವಕೀಲರ ವಿಷಯದಲ್ಲಿ ಈ ಅಧಿಕಾರ ಧಾರಾಳವಾಗಿ ಬಳಕೆಯಾಗಿದೆ. ಕೈಕಸುಬಿನವರ ಮೇಲಿನ ನಿಯಂತ್ರಣ ಬೇರೆ ಬಾಗಿಲಿನಿಂದ ಬಂತು. ಘಟ್ಟದ ಮೇಲಂತೂ ಅದು ಬಂದದ್ದು ಕಾಡಿನ ಬಾಗಿಲಿನಿಂದ.

ಈ ತಾಲೂಕುಗಳಿರುವ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರ ನವೆಂಬರ್ 1ರವರೆಗೂ ಅಲ್ಲೇ ಉಳಿಯಿತು. 1878ರ ಅರಣ್ಯ ಕಾಯ್ದೆ, ಆಮೇಲೆ 1927ರ ಕಾಯ್ದೆ ಬಂದವು. ಕಾಡಿಗೆ ಗಡಿಕಲ್ಲು ಬಿದ್ದಂತೆ, ಕಾಡನ್ನು ನಂಬಿದ್ದ ಒಂದೊಂದು ಕಸುಬೂ ಇಲಾಖೆಯ ಲೆಕ್ಕದ ಪುಸ್ತಕಕ್ಕೆ ಸೇರಿತು. ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಸಿಕ್ಕಿತು, ಅದೂ ಷರತ್ತುಗಳೊಡನೆ. ಬಡಗಿಗೆ, ಕಮ್ಮಾರನಿಗೆ, ಬಿದಿರು ಹೆಣೆಯುವವನಿಗೆ ಸಿಕ್ಕಿದ್ದು ಪಾಸು. ಬಡಗಿ ಎಷ್ಟು ನುರಿತವನು ಎಂದು ಯಾರೂ ಪರೀಕ್ಷೆ ಮಾಡಲಿಲ್ಲ. ಅವನ ಹಿತ್ತಿಲಲ್ಲಿ ಬಿದ್ದಿರುವ ತುಂಡು ಸಾಗುವಾನಿಯೋ, ಬೀಟೆಯೋ, ಅದಕ್ಕೆ ಇಲಾಖೆಯ ಸುತ್ತಿಗೆಯ ಗುರುತು ಬಿದ್ದಿದೆಯೋ ಎಂದಷ್ಟೇ ನೋಡಿದರು.

ಈ ಮಾತು ಗುಡಿಗಾರರ ಬಾಳಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಗಡಿಯಾಚೆ ಸಾಗರ, ಸೊರಬ ಇವು ಅವರ ನೆಲೆಗಳು. ಶ್ರೀಗಂಧದ ಪೆಟ್ಟಿಗೆ, ದಂತದ ಕುಸುರಿ, ದೇವರ ವಿಗ್ರಹ, ಮದುವೆಗೆ ಬೆಂಡಿನ ಬಾಸಿಂಗ, ಚೌತಿಗೆ ಮಣ್ಣಿನ ಗಣಪತಿ, ಯಕ್ಷಗಾನದ ಮರದ ಆಭರಣ, ಇವೆಲ್ಲ ಒಂದೇ ಮನೆತನದ ಕೈಗಳಿಂದ ಬರುತ್ತಿದ್ದವು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ 1883ರಲ್ಲಿ ಹೊರಬಂದ ಕೆನರಾ ಜಿಲ್ಲೆಯ ಗೆಜೆಟಿಯರ್‌ನಲ್ಲೇ ಅವರ ಪ್ರಸ್ತಾಪ ಇದೆ. ಒಂದೇ ಸಮುದಾಯ, ಒಂದೇ ಉಳಿ. ಆದರೂ 1956ರ ತನಕ ಸಿದ್ದಾಪುರದವರು ಮುಂಬಯಿ ಕಾನೂನಿನ ಕೆಳಗೆ, ಕೆಲವೇ ಹರದಾರಿ ದೂರದ ಸಾಗರದವರು ಮೈಸೂರು ಕಾನೂನಿನ ಕೆಳಗೆ ಕೆಲಸ ಮಾಡಿದರು. ಮೈಸೂರಿನಲ್ಲಿ ಗಂಧ ಟಿಪ್ಪುವಿನ ಕಾಲದಿಂದ ರಾಜವೃಕ್ಷ. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ಮೇಲೆ ಅದು ಸಂಸ್ಥಾನದ ದೊಡ್ಡ ಆದಾಯವೂ ಆಯಿತು.

ಏಕೀಕರಣದ ನಂತರ 1963ರ ಕರ್ನಾಟಕ ಅರಣ್ಯ ಕಾಯ್ದೆ, 1969ರ ನಿಯಮಗಳು ಎರಡೂ ಕಡೆಯವರನ್ನು ಒಂದೇ ಕಟ್ಟಿಗೆ ತಂದವು. ಸ್ವಂತ ಜಮೀನಿನಲ್ಲಿ ಬೆಳೆದ ಗಂಧದ ಮರದ ಮೇಲೂ ಸರ್ಕಾರದ ಹಿಡಿತ. ಮಿತಿ ಮೀರಿ ಗಂಧ ಇಟ್ಟುಕೊಂಡವನ ಮೇಲೆ ಕ್ರಿಮಿನಲ್ ಮೊಕದ್ದಮೆ. ಕಳ್ಳಸಾಗಣೆ ತಡೆಯಲು ಈ ಬಿಗಿ ಬೇಕಿತ್ತು, ಇದನ್ನು ಅಲ್ಲಗಳೆಯಲಾಗದು. ಆದರೆ ಕೆತ್ತನೆಗಾರನ ಪಾಲಿಗೆ ಪರಿಣಾಮ ಏನಾಯಿತು? ಅವನ ಕಸುಬಿಗೆ ಯಾವ ಕಾಯ್ದೆಯೂ ಲೈಸೆನ್ಸ್ ವಿಧಿಸಲಿಲ್ಲ, ಆದರೂ ಲೈಸೆನ್ಸ್ ಇಲ್ಲದೆ ಅವನು ಉಳಿ ಎತ್ತುವಂತಿರಲಿಲ್ಲ. 1964ರಲ್ಲಿ ಸ್ಥಾಪನೆಯಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಕುಶಲಕರ್ಮಿಗಳಿಗೆ ಗಂಧ ಹಂಚಿತು, ಮಾಲನ್ನು ‘ಕಾವೇರಿ’ ಮಳಿಗೆಗಳಲ್ಲಿ ಮಾರಿತು. ನಿಗಮದ ಪಟ್ಟಿಯಲ್ಲಿ ಹೆಸರಿದ್ದವನು ಕೆತ್ತನೆಗಾರ, ಇಲ್ಲದವನು ಅನುಮಾನಕ್ಕೆ ಗುರಿ. ಕಾಡಿನಲ್ಲಿ ಗಂಧ ಕರಗುತ್ತ ಬಂದಂತೆ ಹಂಚಿಕೆಯೂ ಬಡವಾಯಿತು. ವನ್ಯಜೀವಿ ಕಾಯ್ದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳು ದಂತದ ಕೆಲಸವನ್ನು ಪೂರ್ತಿ ಮುಗಿಸಿದವು. ಆನೆಯ ದೃಷ್ಟಿಯಿಂದ ಅದು ಆಗಬೇಕಾದದ್ದೇ. ದಂತ ಕೆತ್ತುತ್ತಿದ್ದವರ ಮುಂದಿನ ಬದುಕಿನ ಬಗ್ಗೆ ಯೋಚಿಸುವ ಹೊಣೆ ಯಾವ ಇಲಾಖೆಯದ್ದೂ ಆಗಿರಲಿಲ್ಲ. 2001ರ ತಿದ್ದುಪಡಿ ಗಂಧದ ಮರವನ್ನು ಜಮೀನಿನ ಒಡೆಯನಿಗೆ ಬಿಟ್ಟುಕೊಟ್ಟಿತು. ರೈತರು ಈಗ ಗಂಧ ನೆಡುತ್ತಿದ್ದಾರೆ. ಅದು ಚೇಗು ಕಟ್ಟಿ ಕೆತ್ತನೆಗೆ ಬರಲು ದಶಕಗಳು ಬೇಕು. ಅಷ್ಟರಲ್ಲಿ ಒಂದು ತಲೆಮಾರು ಶಿವನೆ, ಸಾಗುವಾನಿಯ ಕೆತ್ತನೆಗೆ ತಿರುಗಿತು, ಇನ್ನೊಂದು ತಲೆಮಾರು ಉಳಿಯನ್ನೇ ಬಿಟ್ಟಿತು. ಕಚ್ಚಾವಸ್ತುವಿನ ಮೇಲೆ ಮಾತ್ರ ಕಣ್ಣಿಟ್ಟ ಆಡಳಿತ ಮರವನ್ನು ಉಳಿಸಿಕೊಳ್ಳಲಿಲ್ಲ, ಕಸುಬನ್ನೂ ಉಳಿಸಿಕೊಳ್ಳಲಿಲ್ಲ ಎಂದೇ ನನ್ನ ಅಭಿಪ್ರಾಯ.

ಬಡಗಿಗಳ ಕಥೆಗೆ ದಿಲ್ಲಿಯಲ್ಲಿ ಒಂದು ತಿರುವು ಸಿಕ್ಕಿತು. ಕಾಡಿನ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದಿಂದ ಶುರುವಾಗಿ ಸಾಮಿಲ್ಲುಗಳ ಮೇಲೆ ದೇಶಾದ್ಯಂತ ಬಿಗಿ ಬಂತು. 2002ರ ನಂತರ ಹೊಸ ಲೈಸೆನ್ಸಿಗೆ ಕೇಂದ್ರದ ಸಮಿತಿಯ ಒಪ್ಪಿಗೆ ಬೇಕಾಯಿತು. 2016ರಲ್ಲಿ ಕೇಂದ್ರದ ಮಾರ್ಗಸೂಚಿ ಅಧಿಕಾರವನ್ನು ರಾಜ್ಯಮಟ್ಟದ ಸಮಿತಿಗೆ ಕೊಟ್ಟಿತಾದರೂ ಒಂದು ಷರತ್ತು ಹಾಕಿತು: ಕೈಗಾರಿಕಾ ಪ್ರದೇಶ, ಪಟ್ಟಣದ ಮಿತಿ ಬಿಟ್ಟರೆ ಅರಣ್ಯದ ಗಡಿಯಿಂದ 10 ಕಿಲೋಮೀಟರ್ ಒಳಗೆ ಮರದ ಉದ್ಯಮಕ್ಕೆ ಲೈಸೆನ್ಸ್ ಇಲ್ಲ. ಬಯಲುಸೀಮೆಯಲ್ಲಿ ಇದು ಸರಳ ನಿಯಮ. ನಮ್ಮ ಜಿಲ್ಲೆಯ 10,291 ಚದರ ಕಿಲೋಮೀಟರಿನಲ್ಲಿ ಬಹುಪಾಲು ಕಾಡು. ಹುಲೇಕಲ್ಲಿನಲ್ಲೋ ಮಂಚೀಕೇರಿಯಲ್ಲೋ ನಿಂತು ಕಾಡಿನಿಂದ 10 ಕಿಲೋಮೀಟರ್ ದೂರದ ಜಾಗ ಹುಡುಕಿ ಎಂದರೆ ಎಲ್ಲಿ ಹುಡುಕುವುದು?

ಚಿನ್ನದ ಕಥೆ ಚಿಕ್ಕದು, ಆದರೆ ಕಸುಬಿನ ಮೇಲೇ ನೇರವಾಗಿ ಬಿದ್ದ ಕಾನೂನು ಅದು. ಚೀನಾ ಯುದ್ಧದ ಬೆನ್ನಿಗೆ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ, 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂತು. 14 ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡಕೂಡದು ಎಂದಾಯಿತು. ಕರಿಮಣಿಯ ತಾಳಿಯನ್ನು ಅಪ್ಪಟ ಚಿನ್ನದಲ್ಲೇ ಮಾಡಿಸುವ ನಾಡಿನಲ್ಲಿ ಅಕ್ಕಸಾಲಿಯ ಕುಲುಮೆ ಆರಿತು. ದೇಶದ ಹಲವೆಡೆ ಅಕ್ಕಸಾಲಿಗರು ಪ್ರಾಣ ಕಳೆದುಕೊಂಡರು. ಕ್ಯಾರೆಟ್ ನಿರ್ಬಂಧ ಆಮೇಲೆ ಸಡಿಲವಾಯಿತು, ಆದರೆ 1968ರ ಕಾಯ್ದೆಯಲ್ಲಿ ‘ಪ್ರಮಾಣಿತ ಅಕ್ಕಸಾಲಿ’ ಎಂಬ ವರ್ಗ ಉಳಿಯಿತು: ಸರ್ಟಿಫಿಕೇಟು, ಲೆಕ್ಕದ ಪುಸ್ತಕ, ಕೈಯಲ್ಲಿ ಇಟ್ಟುಕೊಳ್ಳಬಹುದಾದ ಚಿನ್ನಕ್ಕೆ ಗ್ರಾಂ ಲೆಕ್ಕದ ಮಿತಿ. 1990ರಲ್ಲಿ ಕಾಯ್ದೆಯೇ ರದ್ದಾಯಿತು. ದೈವಜ್ಞ ಅಕ್ಕಸಾಲಿಗರು ಹೆಚ್ಚಾಗಿರುವ ಈ ಜಿಲ್ಲೆಯಲ್ಲಿ ಆ ಇಪ್ಪತ್ತೇಳು ವರ್ಷಗಳ ಚರಿತ್ರೆಯನ್ನು ಯಾರಾದರೂ ಕೂತು ಬರೆಯಬೇಕು. ನೆನಪಿರುವ ಹಿರಿಯರು ಈಗ ಕಡಿಮೆಯಾಗುತ್ತಿದ್ದಾರೆ. ಈಗ ಇರುವುದು ಹಾಲ್‌ಮಾರ್ಕ್, ಅದು ಒಡವೆಯ ಶುದ್ಧತೆಗೆ ಮುದ್ರೆ. ನೋಂದಣಿ ಅಂಗಡಿಯದ್ದು. ಒಳಗೆ ಕೂತು ಊದುಗೊಳವೆ ಹಿಡಿದವನ ಹೆಸರು ಅದರಲ್ಲಿ ಎಲ್ಲೂ ಬರುವುದಿಲ್ಲ.

ಕಸುಬುದಾರನ ತಿಳಿವಳಿಕೆಯನ್ನೇ ಪರೀಕ್ಷಿಸಿ ಚೀಟಿ ಕೊಡುವ ನಿಜವಾದ ಲೈಸೆನ್ಸ್ ಪದ್ಧತಿ ಇಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ವಿದ್ಯುತ್ತಿನ ಜೊತೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯದು ಇದನ್ನು ಹೇಳುತ್ತಿತ್ತು: ವಯರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರನೇ ಮಾಡಿಸಬೇಕು, ಅರ್ಹತಾಪತ್ರ ಇರುವ ಮೇಲ್ವಿಚಾರಕ ನೋಡಿಕೊಳ್ಳಬೇಕು, ಕೈ ಹಾಕುವವನು ಪರ್ಮಿಟ್ ಪಡೆದ ವಯರ್‌ಮನ್ ಆಗಿರಬೇಕು. ಬಲ್ಬು, ಫ್ಯೂಸು, ಸ್ವಿಚ್ಚಿನಂಥವನ್ನು ಬದಲಿಸಲು ಮಾತ್ರ ವಿನಾಯಿತಿ. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲೂ 2023ರಲ್ಲೂ ಹೊಸ ಸುರಕ್ಷತಾ ನಿಯಮಗಳನ್ನು ತಂದಾಗ ಈ ತಿರುಳು ಬದಲಾಗಲಿಲ್ಲ. ರಾಜ್ಯದಲ್ಲಿ ಪರ್ಮಿಟ್, ಲೈಸೆನ್ಸ್ ಎರಡೂ ವಿದ್ಯುತ್ ಪರಿವೀಕ್ಷಣಾಲಯದ ಕೈಯಲ್ಲಿವೆ. ಕರೆಂಟು ಕೊಡುವುದು 2002ರಿಂದ ಹೆಸ್ಕಾಂ.

ಈ ಪದ್ಧತಿ ಇರಲೇಬೇಕು. ಮಲೆನಾಡಿನ ಹಳೆಯ ಮನೆಗಳಲ್ಲಿ ಅಟ್ಟ, ತೊಲೆ, ಮುಚ್ಚಿಗೆ ಎಲ್ಲವೂ ಮರ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಕೈಕೊಡುತ್ತದೆ, ಮಳೆಗಾಲದ ಮೊದಲ ಸಿಡಿಲಿಗೆ ಮೀಟರ್ ಬೋರ್ಡೇ ಸುಟ್ಟುಹೋಗುತ್ತದೆ. ಆದರೆ ಹಳ್ಳಿಯಲ್ಲಿ ಕೆಲಸ ನಡೆಯುವ ಬಗೆ ಬೇರೆ. ಊರಿನ ಹುಡುಗ ಯಾರದೋ ಜೊತೆ ಓಡಾಡಿ ಕಲಿತಿರುತ್ತಾನೆ, ಪೈಪು ಎಳೆದು ವಯರು ತುಂಬುವವನು ಅವನೇ. ಮೀಟರು ಬರಬೇಕೆಂದಾಗ ಪೇಟೆಯ ಗುತ್ತಿಗೆದಾರನ ಸಹಿ, ಮೊಹರು ಬೇಕು. ಸಹಿಗೆ ದುಡ್ಡು. ಆ ಗುತ್ತಿಗೆದಾರ ಮನೆ ನೋಡಿದ್ದಾನೆಯೇ ಎಂಬುದು ಎರಡನೆಯ ಮಾತು. ಹೀಗಾದಾಗ ಲೈಸೆನ್ಸ್ ಮನೆಯನ್ನು ಕಾಯುವುದಿಲ್ಲ, ಹುಡುಗನನ್ನು ಬೆಳೆಸುವುದೂ ಇಲ್ಲ. ಕೆಲಸ ಗೊತ್ತಿದ್ದೂ ಚೀಟಿ ಇಲ್ಲದ ಇಂಥವರನ್ನು ತಾಲೂಕು ಮಟ್ಟದಲ್ಲೇ ಪರೀಕ್ಷಿಸಿ ಪರ್ಮಿಟ್ ಕೊಟ್ಟರೆ ಹಳ್ಳಿಯ ಮನೆಗಳು ಇಂದಿಗಿಂತ ಸುರಕ್ಷಿತವಾಗುತ್ತವೆ.

ಇತ್ತೀಚಿನ ಚೀಟಿಗಳು ನಿಷೇಧದವಲ್ಲ, ಸೌಲಭ್ಯದವು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ ವರ್ಷದಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60ರೊಳಗಿನವರಿಗೆ ಲೇಬರ್ ಕಾರ್ಡು ಸಿಕ್ಕಿತು. ಅದು ಗಾರೆಯವನ ನೈಪುಣ್ಯ ಅಳೆಯುವುದಿಲ್ಲ, ಅವನು ಗಾರೆಯವನೆಂದು ಒಪ್ಪಿಕೊಳ್ಳುತ್ತದೆ. ಅಷ್ಟೇ ಸಾಕಾಗುವುದರಿಂದ ಅರ್ಹರಲ್ಲದವರೂ ಕಾರ್ಡು ಮಾಡಿಸಿಕೊಂಡರು. 2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮ ಯೋಜನೆ ಒಂದು ಹೆಜ್ಜೆ ಮುಂದೆ ಹೋಯಿತು: ಗ್ರಾಮ ಪಂಚಾಯತ್ ಮಟ್ಟದಲ್ಲಿ ಪರಿಶೀಲನೆ, ಕೆಲವು ದಿನಗಳ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಶೇಕಡ 5ರ ಬಡ್ಡಿಯ ಸಾಲ. ಅದರಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಅಕ್ಕಸಾಲಿ, ಕುಂಬಾರ, ಕ್ಷೌರಿಕ, ಹೂ ಕಟ್ಟುವವರು, ಮೀನುಬಲೆ ಹೆಣೆಯುವವರು ಎಲ್ಲರೂ ಇದ್ದಾರೆ. ಮರ ಹತ್ತುವವನು ಇಲ್ಲ.

ಕೊನೆಗೌಡನ ಕೆಲಸವನ್ನು ಬರೀ ಕೂಲಿ ಎಂದು ಬರೆದುಕೊಳ್ಳುವುದರಿಂದಲೇ ಈ ಲೋಪ. ಮೇ ಕೊನೆಯಿಂದ ಅವನು ಮರ ಹತ್ತುವುದು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಇಲ್ಲವೇ ಕೊಟ್ಟೆ ಕಟ್ಟಲು. ಪಾಚಿಗಟ್ಟಿದ ಕಾಂಡದ ಮೇಲೆ, ಎರಡು ಮಳೆಯ ನಡುವಿನ ಹೊಳವಿನಲ್ಲಿ ಅದು ಮುಗಿಯಬೇಕು. ಚಳಿಗಾಲದಲ್ಲಿ ಕೊಯ್ಲು. ರಾಶಿ ಅಡಿಕೆಗೆ ಯಾವ ಕೊನೆ ಹದವಾಗಿದೆ, ಯಾವುದನ್ನು ಚಾಲಿಗೆಂದು ಹಣ್ಣಾಗಲು ಬಿಡಬೇಕು ಎಂದು ತುದಿಯಲ್ಲಿ ಕೂತು ಕಣ್ಣಳತೆಯಲ್ಲೇ ತೀರ್ಮಾನಿಸುವವನು ಅವನೇ. ಒಂದು ವಾರ ತಡವಾದರೆ ರಾಶಿಯಾಗಬೇಕಿದ್ದದ್ದು ಬೆಟ್ಟೆ, ಗೋಟು ಎಂಬ ಅಗ್ಗದ ಬಗೆಗಳ ಕಡೆ ಜಾರುತ್ತದೆ, ದರವೂ ಜಾರುತ್ತದೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದರ ವ್ಯಾಪ್ತಿ ಇದೇ ಮೂರು ತಾಲೂಕುಗಳು. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ನಮ್ಮೆಲ್ಲರ ಟಿಎಸ್‌ಎಸ್, ಇದಕ್ಕಾಗಿ ದುಡಿಯಿತು. ಹೆಮ್ಮೆಯ ಸಂಗತಿ. ಆ ಗುಣಮಟ್ಟದ ಮೊದಲ ತೀರ್ಮಾನ ಮರದ ತುದಿಯಲ್ಲಿ ಆಗುತ್ತದೆ ಎಂಬುದು ನೋಂದಣಿಯ ಕಾಗದದಲ್ಲಿ ಹೇಗೆ ತಾನೇ ಬಂದೀತು?

ತೆಂಗಿನವರ ಸ್ಥಿತಿ ಹೀಗಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ನಡೆಸಿತು, ಮರ ಹತ್ತುವವರಿಗೆ ‘ಕೇರ ಸುರಕ್ಷಾ’ ವಿಮೆ ಕೊಟ್ಟಿತು. ಅಡಿಕೆಗೆ ಅಂಥ ಮಂಡಳಿ ಇಲ್ಲ. ಇರುವುದು ಕೋಯಿಕ್ಕೋಡಿನ ಅಡಿಕೆ ಮತ್ತು ಸಂಬಾರ ಬೆಳೆಗಳ ನಿರ್ದೇಶನಾಲಯ. ದಕ್ಷಿಣ ಕನ್ನಡದಲ್ಲಿ ಬೆಳೆಗಾರರು, ಸಂಸ್ಥೆಗಳು ಸೇರಿ ಯುವಕರಿಗೆ ಮರ ಹತ್ತುವ ತರಬೇತಿ ಶಿಬಿರ ನಡೆಸಿದ್ದಾರೆ, ಅದು ಒಳ್ಳೆಯ ಮೇಲ್ಪಂಕ್ತಿ. ಇನ್ನೊಂದೆಡೆ, ಕೊನೆಗೌಡರು ಸಿಗದೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊಯ್ಯಬಹುದು, ಬೀಳುವ ಭಯ ಇಲ್ಲ. ಆದರೆ ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ತೋಟದ ನಡುವೆ ತಂತಿಗಳು ಹಾದುಹೋಗಿವೆ. ಒಂದು ಸ್ವಿಚ್ ಬೋರ್ಡ್ ಕೂರಿಸಲು ಪರ್ಮಿಟ್ ಕೇಳುವ ನಾಡಿನಲ್ಲಿ ತಂತಿಯ ಪಕ್ಕ ಅರವತ್ತು ಅಡಿಯ ದೋಟಿ ಎತ್ತುವವನಿಗೆ ಅರ್ಧ ದಿನದ ತಿಳಿವಳಿಕೆಯನ್ನೂ ಕೊಡುವ ಕಟ್ಟಳೆ ಇಲ್ಲ.

ಹಾಗಾದರೆ ಕೊನೆಗೌಡನಿಗೂ ಲೈಸೆನ್ಸ್ ಬೇಕೇ? ಲೈಸೆನ್ಸ್ ಎಂದರೆ ‘ಇಲ್ಲದವನು ಮಾಡಕೂಡದು’ ಎಂದಾದರೆ ಬೇಡ. ಜರ್ಮನಿಯಲ್ಲಿ ಕಸುಬು ತೆರೆಯಲು ‘ಮೈಸ್ಟರ್’ ಪದವಿ ಕಡ್ಡಾಯವಾಗಿದ್ದ 94 ಕಸುಬುಗಳಲ್ಲಿ 53ನ್ನು 2004ರಲ್ಲಿ ಬಿಟ್ಟುಕೊಟ್ಟರು, 2020ರಲ್ಲಿ 12ಕ್ಕೆ ಮತ್ತೆ ಕಡ್ಡಾಯ ಮಾಡಿದರು. ಶತಮಾನಗಳ ಅನುಭವ ಇರುವಲ್ಲೇ ಅಳತೆ ಸಿಕ್ಕಿಲ್ಲ. ಜನರೇ ಸಿಗದ ನಮ್ಮ ತೋಟಗಳಲ್ಲಿ ಇನ್ನೊಂದು ನಿಷೇಧ ಹಾಕಿದರೆ ಇರುವವರೂ ಹೋಗುತ್ತಾರೆ. ಬೇಕಾದದ್ದು ನೋಂದಣಿ, ಜೊತೆಗೆ ವಿಮೆ. ವಿಶ್ವಕರ್ಮ ಯೋಜನೆಗೆ ಬಡಗಿಯನ್ನು ಗುರುತಿಸುವ ಗ್ರಾಮ ಪಂಚಾಯತಿಗೆ ತನ್ನ ಊರಿನ ಕೊನೆಗೌಡರು ಯಾರೆಂದೂ ಗೊತ್ತು. ಕೊನೆಗೌಡ ದಿನಕ್ಕೊಂದು ತೋಟದಲ್ಲಿ ಇರುವುದರಿಂದ ವಿಮೆಯ ಕಂತಿಗಾಗಿ ಅವನ ಧಣಿ ಯಾರೆಂದು ಹುಡುಕುವ ಗೋಜು ಬೇಡ. ಇಲ್ಲಿನ ಅಡಿಕೆಯ ದೊಡ್ಡ ಪಾಲು ಟಿಎಸ್‌ಎಸ್‌ನಂಥ ಸಹಕಾರ ಸಂಘಗಳ ವ್ಯಾಪಾರಿ ಅಂಗಳದಲ್ಲೇ ಹರಾಜಾಗುತ್ತದೆ. ಕ್ವಿಂಟಲಿಗೆ ಇಷ್ಟು ರೂಪಾಯಿ ಎಂದು ಬೆಳೆಗಾರನ ಪಟ್ಟಿಯಲ್ಲೇ ಮುರಿದುಕೊಂಡು, ಅಷ್ಟನ್ನೇ ರಾಜ್ಯ ಸರ್ಕಾರವೂ ಸೇರಿಸಿದರೆ ಮೂರೂ ತಾಲೂಕುಗಳ ಕೊನೆಗೌಡರ ವಿಮೆಯ ಕಂತು ಕಟ್ಟಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಸಂಘಗಳ ವಾರ್ಷಿಕ ಸಭೆಯಲ್ಲಿ ಒಂದು ಠರಾವು, ತೋಟಗಾರಿಕೆ ಇಲಾಖೆಯಿಂದ ಒಂದು ಆದೇಶ ಆದರೆ ಮುಂದಿನ ಮಳೆಗಾಲದ ಮೊದಲ ಔಷಧಿ ಹೊಡೆಯುವುದರೊಳಗೆ ಪಟ್ಟಿ ತಯಾರಾಗುತ್ತದೆ.