ಬೋಲ್ಟಿನ ತಲೆಯ ಮೇಲಿನ ಅಂಕಿ

ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳು ನಿರ್ಮಿಸಿದ್ದ ಭಾರ ಎತ್ತುವ ಯಂತ್ರಕ್ಕೆ ಅಗ್ಗದ ಬೋಲ್ಟು ತಂದವನು ನಾನೇ. ಅದು ತುಂಡಾಯಿತು, ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಬೋಲ್ಟಿನ ಚರಿತ್ರೆಯನ್ನು ನಾನು ಓದತೊಡಗಿದ್ದು ಆ ನಾಚಿಕೆಯಿಂದಲೇ.

ಹಿಂದೆ ಒಂದೊಂದು ಬೋಲ್ಟಿಗೂ ಅದರದೇ ನಟ್ಟು; ಅದಲುಬದಲಾದರೆ ಕೂಡುತ್ತಿರಲಿಲ್ಲ. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್‌ಸ್ಲೆ ನಿಖರವಾಗಿ ಥ್ರೆಡ್ ಕೊರೆಯುವ ಲೇತನ್ನು ರೂಪಿಸಿದನು. ಅವನಲ್ಲಿ ದುಡಿದಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಏಕರೂಪ ಥ್ರೆಡ್ಡನ್ನು ಸೂಚಿಸಿದನು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯನ್ನು ಮುಂದಿಟ್ಟನು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಬೋಲ್ಟುಗಳೇ ಪರಸ್ಪರ ಹೊಂದಲಿಲ್ಲ. ಕೊನೆಗೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಒಂದೇ ಥ್ರೆಡ್ಡಿಗೆ ಒಪ್ಪಿದವು.

ಆದರೆ ಅಳತೆ ಕೂಡಿದರೆ ಸಾಲದು, ಸತ್ವವೂ ತಿಳಿಯಬೇಕು. ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ, ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಎಳೆತವನ್ನು ಅದು ತುಂಡಾಗದೆ ತಾಳುತ್ತದೆ. ಅದರ ಹತ್ತರಲ್ಲಿ ಎಂಟು ಪಾಲು, ಅಂದರೆ 640, ದಾಟಿದರೆ ಹಿಗ್ಗಿದ್ದು ಮರಳಿ ಕುಗ್ಗದು. 4.6ಕ್ಕೆ ಈ ಮಿತಿಗಳು 400 ಮತ್ತು 240. ನಾನು ತಂದದ್ದರ ತಲೆಯ ಮೇಲೆ ಅಂಕಿಯೇ ಇರಲಿಲ್ಲ.

ಪ್ರಿಯ ಶಿಷ್ಯರೇ, ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ಆ ಅಂಕಿಯನ್ನು ಓದಿರಿ. ನಿಮ್ಮ ಮೇಷ್ಟ್ರು ಓದಿರಲಿಲ್ಲ.