ಲಾಕ್‌ಡೌನ್: ದೈಹಿಕ ಚಟುವಟಿಕೆ ಮತ್ತು ದೇಹತೂಕ

ಸಾಂಕ್ರಾಮಿಕ ತಡೆಗೆ ಜನಸಂಚಾರ ನಿರ್ಬಂಧಿಸಿದಾಗ ನಡಿಗೆ, ದುಡಿಮೆ, ಆಟಗಳಲ್ಲೂ ಮೈತೂಕದಲ್ಲೂ ಆಗುವ ಬದಲಾವಣೆ. 2020ರ ಕೋವಿಡ್-19 ಲಾಕ್‌ಡೌನ್‌ಗಳು ಇದರ ಅತಿ ದೊಡ್ಡ ನಿದರ್ಶನ. ಸ್ಮಾರ್ಟ್‌ಫೋನ್ ಆ್ಯಪ್ ಬಳಸುವ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರ ಹೆಜ್ಜೆಗಣತಿಯಂತೆ, ಸಾಂಕ್ರಾಮಿಕದ ಘೋಷಣೆಯಾದ 30 ದಿನಗಳಲ್ಲಿ ಹೆಜ್ಜೆಗಳು ಸರಾಸರಿ ಶೇ. 27ರಷ್ಟು ಕುಸಿದವು. ಬಿಗಿ ನಿರ್ಬಂಧದ ಇಟಲಿಯಲ್ಲಿ ಗರಿಷ್ಠ ಕುಸಿತ ಸುಮಾರು ಶೇ. 49, ಸಡಿಲ ನೀತಿಯ ಸ್ವೀಡನ್‌ನಲ್ಲಿ ಶೇ. 7ರಷ್ಟೇ. ಫ್ರಾನ್ಸ್‌ನಲ್ಲಿ ಮನೆಯಿಂದ 1 ಕಿ.ಮೀ. ಒಳಗೆ ದಿನಕ್ಕೊಂದು ಗಂಟೆ ವ್ಯಾಯಾಮಕ್ಕೆ ಅವಕಾಶವಿತ್ತು. ಸ್ಪೇನ್‌ನ ಮಕ್ಕಳು ಸುಮಾರು ಆರು ವಾರ ಹೊಸ್ತಿಲು ದಾಟಲಿಲ್ಲ.

ಭಾರತದಲ್ಲಿ ಮಾರ್ಚ್ 25ರಿಂದ ಉದ್ಯಾನ, ಜಿಮ್‌ಗಳು ಮುಚ್ಚಿದವು. ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳ ವಾಯುವಿಹಾರಿಗಳು ತಾರಸಿಗೆ ಏರಿದರು. ಅದೇ ದಿನಗಳಲ್ಲಿ ವಲಸೆ ಕಾರ್ಮಿಕರು ಊರಿಗೆ ನೂರಾರು ಕಿ.ಮೀ. ನಡೆದರು. ಅವರ ಹೆಜ್ಜೆಗಳು ಇಂಥ ಗಣತಿಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ, ಸರಾಸರಿಗಳನ್ನು ಓದುವಾಗ ಇದು ನೆನಪಿರಬೇಕು.

ತೂಕದ ಏರಿಕೆ ಹಲವರಲ್ಲಿ ಒಂದೆರಡು ಕಿಲೋ ಮಾತ್ರ; ಕೆಲವರ ತೂಕ ಇಳಿದದ್ದೂ ಉಂಟು. ನಡಿಗೆ ಕಡಿತದ ಜೊತೆಗೆ ಕುರುಕಲು ತಿಂಡಿ, ನಿದ್ದೆಗೇಡು, ಆತಂಕಗಳೂ ಕಾರಣ. ಮಕ್ಕಳ ಸ್ಥಿತಿ ಹೆಚ್ಚು ಗಂಭೀರ: ಅಮೆರಿಕದಲ್ಲಿ 2ರಿಂದ 19 ವಯಸ್ಸಿನವರ ದೇಹತೂಕ ಸೂಚ್ಯಂಕ ಏರುವ ವೇಗ ಸರಿಸುಮಾರು ಇಮ್ಮಡಿಯಾಯಿತು, ಮೊದಲೇ ಬೊಜ್ಜಿದ್ದವರಲ್ಲಿ ವಿಶೇಷವಾಗಿ.