ಮಡಿ, ಮೈಲಿಗೆ, ಸೋಂಕು

ನಮ್ಮ ಗುರುಮಠಕಲ್ 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ಊರು. ಕಚೇರಿಯ ಭಾಷೆ ಉರ್ದು. 1917ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಭಾಷಾಂತರ ಸಂಸ್ಥೆ ವೈದ್ಯಶಾಸ್ತ್ರವನ್ನೂ ಉರ್ದುವಿಗೆ ತಂದಿತು. ಇಲ್ಲಿಯ ಕನ್ನಡಕ್ಕೆ ಆಗ ಅಂಥ ಭಾಗ್ಯವೊದಗಲಿಲ್ಲ.

2020ರಲ್ಲಿ ಮುಂಬಯಿಯಿಂದ ಮರಳಿದ ಕೂಲಿಕಾರರನ್ನು ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಇರಿಸಿದಾಗ 'ಕ್ವಾರಂಟೈನ್' ಎಂಬುದು ಮನೆಮಾತಾಯಿತು. 1377ರಲ್ಲಿ ರಗೂಸಾ ಬಂದರು, ಪ್ಲೇಗು ಹಬ್ಬಿದ ಊರುಗಳಿಂದ ಬಂದವರನ್ನು 30 ದಿನ ಹೊರಗಿರಿಸಿತು. ಮುಂದೆ ಈ ಅವಧಿ 40 ದಿನಗಳಾಯಿತು. ಇಟಲಿಯ ನುಡಿಯ ಆ ನಲವತ್ತೇ ಈ ಪದದ ಮೂಲ. ರೋಗಿಯನ್ನು ಬೇರೆಯಿರಿಸುವುದು ಒಂದು. ರೋಗ ಕಾಣಿಸದವರನ್ನು ಕೆಲದಿನ ಕಾದು ನೋಡುವುದು ಇನ್ನೊಂದು. ಎರಡಕ್ಕೂ 'ಪ್ರತ್ಯೇಕವಾಸ' ಎಂದೇ ಬರೆದರೆ ಬಂದವರೆಲ್ಲರೂ ಊರವರ ಕಣ್ಣಿಗೆ ರೋಗಿಗಳಾಗುತ್ತಾರೆ.

ಹಳೆಯ ಪದಗಳೂ ನಿರಪಾಯವಲ್ಲ. ಮಡಿಬಟ್ಟೆಯಲ್ಲಿಯೂ ರೋಗಾಣುವಿರಬಹುದು, 'ಮೈಲಿಗೆ'ಯೆಂದರೆ ರೋಗಕ್ಕಿಂತ ಮೊದಲು ಜಾತಿಯೇ ನೆನಪಾಗುತ್ತದೆ. ತಲೆಮಾರುಗಳಿಂದ ಕೇರಿಗಳನ್ನು ದೂರವಿಟ್ಟ ನಾಡಿನಲ್ಲಿ 'ಸಾಮಾಜಿಕ ಅಂತರ'ವನ್ನು ಬೋಧಿಸಿದೆವಲ್ಲ! ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚಿಯಲ್ಲಿಯೇ 'ದೈಹಿಕ ಅಂತರ'ವೆನ್ನತೊಡಗಿತ್ತು.

ನಮ್ಮಲ್ಲಿ 'ಸೋಂಕು' ಇದೆ. ತಾಗು ಎಂಬಷ್ಟೇ ಅದರ ಮೂಲಾರ್ಥ. ಯಾರ ಕುಲವನ್ನೂ ಅದು ಕೇಳದು. ಪದ ಕಟ್ಟುವವರು ನಿಘಂಟನ್ನು ತೆರೆಯುವಾಗ ಊರಿನ ಕೇರಿಗಳನ್ನೂ ನೆನೆಯಬೇಕು.